ಕೋಲಿನ ಬೆನ್ನು ಹುಡುಕಿದ ಅಕ್ಕ

ಕಳೆದ ವಾರ ನಮ್ಮ ಮಿಕ್ಸಿಯ ಮುಚ್ಚಳದ ಹಿಡಿ ಮುರಿಯಿತು. ಕುಂದಾಪುರದ ಅಂಗಡಿಯಲ್ಲಿ ಕೇಳಿದರೆ, ಮುಚ್ಚಳ ಮಾತ್ರ ಬರುವುದಿಲ್ಲ, ಹೊಸ ಮಿಕ್ಸಿಯನ್ನೇ ತೆಗೆದುಕೊಳ್ಳಿ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ನನಗೆ ಅಂಥ ಮರ್ಯಾದೆ ಆಗಿಬರುವುದಿಲ್ಲ. ಎರಡು ಟ್ಯೂಬಿನ ಅಂಟು ತಂದೆ. ಒಂದರಿಂದ ಇಷ್ಟು, ಇನ್ನೊಂದರಿಂದಲೂ ಅಷ್ಟೇ, ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಹಿಂಡಿ ಬೆಂಕಿಕಡ್ಡಿಯಲ್ಲಿ ಕಲಸತೊಡಗಿದೆ. ಅತ್ತ ಮೀನಿನದೂ ಅಲ್ಲದ, ಇತ್ತ ಔಷಧಿಯದೂ ಅಲ್ಲದ ಆ ಘಾಟು ಮೂಗಿಗೆ ಹೊಡೆಯಿತು ನೋಡಿ... ಕೈ ಅಲ್ಲಿಗೇ ನಿಂತಿತು. ಅಂಟು ಹಾಳೆಯ ಮೇಲೇ ಗಟ್ಟಿಯಾಗುವಷ್ಟು ಹೊತ್ತು ಹಾಗೆಯೇ ಕೂತಿದ್ದೆನೆಂದು ಕಾಣುತ್ತದೆ. ಮುಚ್ಚಳದ ಹಿಡಿ ಇನ್ನೂ ಮುರಿದೇ ಇದೆ.

ಅದು ಅಕ್ಕನ ಮನೆಯ ವಾಸನೆ. ಒಂದು ಕಾಲದಲ್ಲಿ ನಾನು ಹೊಲಿದ ರವಿಕೆಗಳಿಗೂ ಅದೇ ವಾಸನೆ ಹತ್ತಿಕೊಂಡಿರುತ್ತಿತ್ತು. ಗಿರಾಕಿಗಳು ಮೂಗು ಮುರಿದು, ಇದೇನು ಹೊಲಿದದ್ದೋ ಅಂಟಿಸಿದ್ದೋ ಎಂದು ಕೇಳಿದ್ದೂ ಉಂಟು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಬಸ್ರೂರಿನ ಪೇಟೆ ರಸ್ತೆಗೆ ಮುಖ ಮಾಡಿದ ಅವರ ಮನೆಯ ಮುಂಭಾಗದ ಕೋಣೆಯಲ್ಲಿ ನನ್ನ ಟೈಲರ್ ಅಂಗಡಿ ಇತ್ತು. ಅಂಗಡಿಗೂ ಅವರ ಹಾಲಿಗೂ ನಡುವೆ ಒಂದು ಬಾಗಿಲು. ಗಂಡಹೆಂಡಿರಿಬ್ಬರೂ ಬೊಂಬಾಯಿಯಲ್ಲಿ ಇದ್ದಷ್ಟು ಕಾಲ ಆ ಬಾಗಿಲಿಗೆ ಬೀಗವಿತ್ತು. ನಮ್ಮ ಕಡೆ ರೈಲು ಓಡಲು ಶುರುವಾದ ಹೊಸತರಲ್ಲಿ ಒಂದು ದಿನ ಅವರು ಊರಿಗೆ ಬಂದರು. ಮರುದಿನ ಬಾಗಿಲು ಆ ಕಡೆಯಿಂದ ತೆರೆಯಿತು. ಕುಳ್ಳಗಿನ, ಚುರುಕು ಕಣ್ಣಿನ ಹೆಂಗಸೊಬ್ಬಳು ಕೈಯಲ್ಲಿ ಚಾದ ಲೋಟ ಹಿಡಿದು ನಿಂತಿದ್ದಳು. ಕರಿಮಣಿಗೆ ಸೇಫ್ಟಿ ಪಿನ್ನುಗಳ ಗೊಂಚಲು. "ಹೆಣೆ, ನಿನ್ನ ಮಷಿನ್ ಶಬ್ದ ಕೇಂಡ್ಕಂಡೇ ಬೆಳಿಗ್ಗೆ ಎದ್ದೆ. ಚಾ ಕುಡಿ," ಎಂದಳು. ಹೆಣೆ ಎಂದರೆ ನಮ್ಮ ಕಡೆ ಹುಡುಗಿಯನ್ನು ಸಲಿಗೆಯಿಂದ ಕರೆಯುವ ಮಾತು. ಅಲ್ಲಿಂದ ಅವಳು ಅಕ್ಕ, ಅವಳ ಗಂಡ ಭಾವ. ಅವಳು ನನಗಿಂತ ತುಂಬ ದೊಡ್ಡವಳಾದರೂ ಬರಹದಲ್ಲಿ ಬಹುವಚನ ಹಾಕಿದರೆ ಬೇರೆ ಯಾರದೋ ಸುದ್ದಿ ಹೇಳಿದಂತಾಗುತ್ತದೆ. ಅದಕ್ಕೆ 'ಅವಳು' ಎಂದೇ ಬರೆಯುತ್ತೇನೆ.

ಅಕ್ಕನನ್ನು ಸುಲಭದ ಹೆಂಗಸು ಎಂದು ಯಾರೂ ಹೇಳುವಂತಿರಲಿಲ್ಲ. ಮೊದಲ ಸಲ ಹೊಲಿಸಿದ ರವಿಕೆಯನ್ನು ತೋಳು ಒಂದೆಳೆ ಬಿಗಿ ಎಂದು ಮತ್ತೆ ಮತ್ತೆ ವಾಪಸು ತಂದವಳು. ಕೊನೆಗೆ ನಾನು ಸಿಟ್ಟಿನಿಂದ, ನೀನೇ ಹೊಲಿದುಕೋ ಎಂದು ಕತ್ತರಿ ಕೊಟ್ಟರೆ, ನಿಜವಾಗಿಯೂ ಕೂತು ಹೊಲಿಗೆ ಬಿಚ್ಚಿದಳು. ಎಲ್ಲಿ ತಪ್ಪಿದೆಯೆಂದು ತೋರಿಸಿ, ಹೊಲಿಯುವುದಕ್ಕೆ ನನಗೇ ಕೊಟ್ಟಳು. ತಪ್ಪು ಅಲ್ಲಿಯೇ ಇತ್ತು ಎಂಬುದು ಇನ್ನೂ ಸಿಟ್ಟಿನ ವಿಷಯ.

ಭಾವ ಬೊಂಬಾಯಿಯಲ್ಲಿ ಗಾಲ್ಫ್ ಕೋಲು ಮಾಡುತ್ತಿದ್ದವರು. ದೊಡ್ಡವರು ಆಡುವ ಮೈದಾನವೊಂದರ ಪಕ್ಕ ರಿಪೇರಿ ಕೆಲಸಕ್ಕೆ ಸೇರಿ, ಆಮೇಲೆ ತಮ್ಮ ಒಂದೇ ಕೋಣೆಯ ಮನೆಯಲ್ಲಿ ಅಡಿಗೆ ಕಟ್ಟೆಯ ಮೇಲೇ ಹೊಸ ಕೋಲು ಕಟ್ಟಿಕೊಡುವಷ್ಟು ಹೆಸರು ಮಾಡಿದ್ದರು. ಉಕ್ಕಿನ ಕೊಳವೆ, ಅದರ ತುದಿಗೆ ಚೆಂಡು ಹೊಡೆಯುವ ತಲೆ, ಮೇಲೆ ರಬ್ಬರಿನ ಹಿಡಿ. ನೋಡಿದರೆ ಇಷ್ಟೇ. ಭಾವ ಒಂದು ಕಡೆ ಹಿಡಿದರೆ ಅಕ್ಕ ಇನ್ನೊಂದು ಕಡೆ ಹಿಡಿಯುತ್ತಿದ್ದಳಂತೆ. ಹಾಗಿರುವಾಗ ಅಲ್ಲಿಯೇ ಭಾವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಉಳಿದದ್ದು ಒಂದೇ ಒಂದು ಶಬ್ದ. ಹ್ವಾಯ್.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳಿ ಕರೆಯುವ ಕ್ರಮ ಹಿಂದೆ ಇರಲಿಲ್ಲ. ಊಟಕ್ಕೆ ಕರೆಯುವಾಗ ಹ್ವಾಯ್, ಬಸ್ಸು ಬಂತೆಂದು ಹೇಳುವಾಗ ಹ್ವಾಯ್, ಜಗಳ ಶುರು ಮಾಡುವಾಗಲೂ ಹ್ವಾಯ್. ಮದುವೆಯಾದ ದಿನದಿಂದ ಅಕ್ಕ ಅವರನ್ನು ಕರೆದದ್ದು ಹಾಗೆಯೇ. ಇದ್ದಬದ್ದ ಮಾತೆಲ್ಲ ಹೋದ ಮೇಲೆ ಅವರ ನಾಲಿಗೆಯ ಮೇಲೆ ನಿಂತದ್ದು ಅದೊಂದೇ. ನೀರು ಬೇಕಾದರೂ ಅದೇ, ಫ್ಯಾನು ಬೇಡವಾದರೂ ಅದೇ. "ನಾನ್ ಇಷ್ಟ್ ವರ್ಷ ಕರ್ದದ್ದನ್ನೆಲ್ಲ ಈಗ ಒಟ್ಟಿಗೇ ವಾಪಸ್ ಕೊಡ್ತಾ ಇದ್ರ್ ಕಾಣ್," ಎಂದು ಅಕ್ಕ ನಗುತ್ತಿದ್ದಳು. ಅವಳು ಹಾಗೆ ನಗುವಾಗ ನಮಗೂ ನಗು ಬರುತ್ತಿತ್ತು. ಅದು ಅವಳ ದೊಡ್ಡ ಶಕ್ತಿ ಎಂದು ನನಗೆ ಅನ್ನಿಸಿದ್ದು ಆಮೇಲೆ.

ಅವರ ಸಾಮಾನಿನ ಜೊತೆ ಬಂದದ್ದು ಒಂದು ಉದ್ದನೆಯ ಮರದ ಪೆಟ್ಟಿಗೆ. ಒಳಗೆ ಉಕ್ಕಿನ ಕೋಲುಗಳು, ತಲೆಗಳು, ಅಂಟಿನ ಟ್ಯೂಬುಗಳು. ಬೊಂಬಾಯಿಯ ಒಬ್ಬ ಮುದಿ ಸೇಠ್‌ಗೆ ಭಾವ ಮಾಡುತ್ತಿದ್ದ ಸೆಟ್ಟು ಅದು. ಅರ್ಧ ಕೆಲಸದಲ್ಲಿ ಅವರು ಬಿದ್ದದ್ದು. ಬೇರೆಯವರಿಗೆ ಕೊಟ್ಟು ಮುಗಿಸಿಕೊಳ್ಳಿ ಎಂದು ಅಕ್ಕ ಹೇಳಿಕಳಿಸಿದರೆ, ಅವನು ಎದ್ದು ಕೂತ ಮೇಲೆ ಮಾಡಲಿ, ನನಗೇನೂ ಅವಸರವಿಲ್ಲ ಎಂದು ಸೇಠ್ ಹೇಳಿದ್ದರಂತೆ. ಆ ಮಾತು ಭಾವನಿಗೆ ಟಾನಿಕ್ಕಿಗಿಂತ ಹೆಚ್ಚು ಹಿಡಿಸಿತ್ತು. ಪೆಟ್ಟಿಗೆಯನ್ನು ಹಾಲಿನಲ್ಲಿದ್ದ ತಮ್ಮ ಮಂಚದ ಪಕ್ಕದಲ್ಲೇ ಇಡಿಸಿಕೊಂಡಿದ್ದರು. ದಿನಾ ಎಡಗೈಯಿಂದ ಒಂದೊಂದೇ ಕೋಲು ಎತ್ತಿ, ತಿರುಗಿಸಿ ನೋಡಿ ಇಡುವರು. ಬರಬರುತ್ತ ಗೋಡೆಗೆ ಒರಗಿ ಕೂರುವಷ್ಟಾದರು.

ಆಮೇಲೆ ನವರಾತ್ರಿ ಬಂತು.

ಆಯುಧ ಪೂಜೆಯ ದಿನ ನಮ್ಮಲ್ಲಿ ಕತ್ತಿ, ಹಾರೆ, ಸೈಕಲ್ಲು, ಬಾವಿಯ ರಾಟೆ, ಯಾವುದನ್ನೂ ಬಿಡುವುದಿಲ್ಲ. ನಾನು ಮಷಿನ್ ತೊಳೆದು ಹೂ ಮುಡಿಸುತ್ತಿದ್ದೆ. ಅಕ್ಕ ಹಿಂದಿನ ದಿನವೇ ಪೆಟ್ಟಿಗೆಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಕೋಲುಗಳಿಗೆ ಹತ್ತಿದ್ದ ಉಪ್ಪುಗಾಳಿಯ ತುಕ್ಕನ್ನೆಲ್ಲ ಚಿಮಿಣಿ ಎಣ್ಣೆಯ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ತೆಗೆದಳು. ಮರುದಿನ ಸಾಲಾಗಿ ನಿಲ್ಲಿಸಿ, ಪ್ರತಿಯೊಂದಕ್ಕೂ ಗಂಧ, ಕುಂಕುಮ, ಮೇಲೊಂದು ಸೇವಂತಿಗೆ ಎಸಳು. ಆರತಿ ಎತ್ತಿ, ತಟ್ಟೆಯನ್ನು ಭಾವನ ಹತ್ತಿರ ತಂದಳು. "ಹ್ವಾಯ್, ಕಾಣಿ, ನಿಮ್ಮ ಕೋಲ್ ಎಲ್ಲ ಮದ್ಮಕ್ಕಳ್ ಕಂಡಾಂಗೆ ಆಯಿತ್," ಎಂದಳು.

ಭಾವ ಒಂದು ಕೋಲು ಎತ್ತಿದರು. ತಿರುಗಿಸಿದರು. ಇನ್ನೊಂದು ಎತ್ತಿದರು. ಮತ್ತೊಂದು. ನಾನು ಅವಲಕ್ಕಿ ಪ್ರಸಾದಕ್ಕೆ ಕೈ ಚಾಚಿಕೊಂಡು ಅಲ್ಲೇ ನಿಂತಿದ್ದೆ. ಅವರ ಮುಖದಿಂದ ಏನೋ ಇಳಿದುಹೋಗುವುದು ಕಾಣಿಸಿತು. ಕೋಲನ್ನು ಮೆಲ್ಲನೆ ಕೆಳಗಿಟ್ಟರು. ಮಲಗಿದರು. ಎಡಗೈಯಲ್ಲಿ ಮಂಚದ ಪಟ್ಟಿ ಹಿಡಿದು, ಕಷ್ಟದಿಂದ ಹೊರಳಿ, ಗೋಡೆಗೆ ಮುಖ ಮಾಡಿದರು.

ಮತ್ತೆ ಈ ಕಡೆ ತಿರುಗಲಿಲ್ಲ.

ಮೊದಲು ಇನ್ನೊಮ್ಮೆ ವಾಯು ಬಡಿಯಿತೆಂದೇ ಹೆದರಿದೆವು. ಬ್ರಹ್ಮಾವರದಿಂದ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಕಣ್ಣು ಬಿಡಿಸಿ, ಮಂಡಿ ತಟ್ಟಿ ನೋಡಿ, ಹೊಸತೇನೂ ಆಗಿಲ್ಲ, ಮನಸ್ಸಿಗೇ ಏನೋ ಆಗಿದೆ ಎಂದರು. ಒಂದೆರಡು ಚಮಚ ಗಂಜಿ ಒಳಗೆ ಹೋದರೆ ಹೆಚ್ಚು. ಹ್ವಾಯ್ ಎಂಬುದೂ ನಿಂತಿತು. ಉಪ್ಪುಂದಕ್ಕೆ ಮದುವೆಯಾಗಿ ಹೋಗಿದ್ದ ಮಗಳು ಬಂದು ತಲೆದಿಂಬಿನ ಬಳಿ ಕೂತು ಎಷ್ಟು ಅತ್ತರೂ ಅವರು ಹೊರಳಲಿಲ್ಲ. ಹೀಗೆಯೇ ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಹೊರಗೆ ಬಂದು ನನ್ನ ಹತ್ತಿರ ಹೇಳಿದರು. ಅಕ್ಕನ ಹತ್ತಿರ ಹೇಳುವ ಧೈರ್ಯ ಅವರಿಗಿರಲಿಲ್ಲ, ನನಗೂ ಇರಲಿಲ್ಲ. ಆದರೆ ಬಾಗಿಲು ತೆರೆದೇ ಇತ್ತು. ಅವಳಿಗೆ ಕೇಳಿಸಿರಬೇಕು.

ಕಾರಣ ಗೊತ್ತಾದದ್ದು ಹಾಲಿನ ಬಾಗಿಲ ಹಿಂದೆ ಕಸ ಗುಡಿಸುವಾಗ. ತೊಳೆಯುವ ದಿನ ಅಲ್ಲೇ ಉಳಿದುಬಿಟ್ಟ ಒಂದು ಕೋಲು ಮೂಲೆಯಲ್ಲಿ ನಿಂತಿತ್ತು. ಅದರ ಮೈಮೇಲೆ, ಹಿಡಿ ಬರುವ ಜಾಗದ ಹತ್ತಿರ, ಮೇಣದ ಪೆನ್ಸಿಲಿನಲ್ಲಿ ಎಳೆದ ಒಂದು ಸಣ್ಣ ಕಪ್ಪು ಗೆರೆ. ಅಕ್ಕ ಆ ಕೋಲು ಹಿಡಿದುಕೊಂಡು ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದಳು. "ಹೆಣೆ, ನಾನ್ ಎಂತ ಮಾಡಿಟ್ಟೆ ಕಾಣ್. ಅಷ್ಟೂ ಒರ್ಸಿ ತೆಗ್ದೆ."

ಆಗ ಅವಳು ನನಗೆ ಅರ್ಥ ಮಾಡಿಸಿದ್ದು ಇದು. ಕೋಲು ನೋಡುವುದಕ್ಕೆ ದುಂಡಗೆ, ನೆಟ್ಟಗೆ ಇರುತ್ತದೆ. ಆದರೆ ಮಾಡುವಾಗಲೇ ಅದರ ಒಂದು ಮಗ್ಗುಲು ಕೂದಲೆಳೆಯಷ್ಟು ಬಿರುಸಾಗಿಬಿಡುತ್ತದೆ. ಅದು ಕೋಲಿನ ಬೆನ್ನು. ಬೆನ್ನು ಎಲ್ಲಿದೆಯೆಂದು ಹುಡುಕಿ, ಆ ಲೆಕ್ಕಕ್ಕೆ ಸರಿಯಾಗಿ ತಲೆ ಕೂರಿಸಿದರೆ ಹೊಡೆಯುವಾಗ ಕೋಲು ನೆಟ್ಟಗೆ ಬಳುಕುತ್ತದೆ. ಇಲ್ಲದಿದ್ದರೆ ಬೇರೆ ದಿಕ್ಕಿಗೆ ತಿರುಚಿಕೊಳ್ಳುತ್ತದೆ. ನನಗೆ ಇದು ಸುಲಭವಾಗಿ ತಲೆಗೆ ಹೋಯಿತು. ಬಟ್ಟೆಗೂ ಉದ್ದೆಳೆ, ಅಡ್ಡೆಳೆ ಇಲ್ಲವೇ. ಎಳೆ ನೋಡದೆ ಕತ್ತರಿಸಿದ ಪೈಜಾಮದ ಕಾಲು ಎರಡು ಸಲ ಒಗೆಯುವುದರೊಳಗೆ ಸುತ್ತಿಕೊಂಡು ಮುಂದಿನ ಹೊಲಿಗೆ ಪಕ್ಕಕ್ಕೆ ಬರುತ್ತದೆ. ಭಾವ ಬೀಳುವ ಮುಂಚೆ ಆ ಸೆಟ್ಟಿನ ಎಲ್ಲ ಕೋಲುಗಳ ಬೆನ್ನು ಹುಡುಕಿ ಗುರುತು ಹಾಕಿದ್ದರು. ಇನ್ನು ಅಂಟಿಸುವುದಷ್ಟೇ ಬಾಕಿ. ಎಡಗೈಯಲ್ಲಿ ಅಷ್ಟಾದರೂ ಮಾಡಬಹುದೆಂದು ನಂಬಿಕೊಂಡಿದ್ದರು. ಚಿಮಿಣಿ ಎಣ್ಣೆ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಮತ್ತೆ ಹುಡುಕುವ ಕೈ ಅವರಿಗಿರಲಿಲ್ಲ, ಹೇಗೆ ಹುಡುಕಬೇಕೆಂದು ಹೇಳುವ ಮಾತೂ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಹರಕೆ ಹೇಳಿ ಕೂರುತ್ತಿದ್ದರು. ಅಕ್ಕ ಹರಕೆಯನ್ನೂ ಹೇಳಿದಳು, ಮರುದಿನ ಬೆಳಿಗ್ಗೆ ಬಂದು ನನ್ನ ಕತ್ತರಿಸುವ ಮೇಜನ್ನೂ ಕೇಳಿದಳು. ಹಲಸಿನ ಮರದ ಆ ಮೇಜನ್ನು ನಾಲ್ಕು ಜನ ಸೇರಿದರೂ ಎತ್ತಲಾಗುತ್ತಿರಲಿಲ್ಲ. ಕೋಲಿನ ಬುಡವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಕಬ್ಬಿಣದ ವೈಸನ್ನು ಕೂರಿಸಲು ಅಷ್ಟು ಗಟ್ಟಿ ಜಾಗ ಬೇರೆ ಇರಲಿಲ್ಲ. ನನ್ನ ಮೇಜಿಗೆ ತೂತು ಕೊರೆದಳು. ಕೇಳಿಯೇ ಕೊರೆದಳು, ಆದರೆ ನಾನು ಉತ್ತರ ಕೊಡುವ ಮುಂಚೆ.

ಮಾಡುವ ಕ್ರಮ ಅವಳು ನೋಡಿ ಬಲ್ಲಳು. ಬುಡವನ್ನು ವೈಸಿಗೆ ಕಚ್ಚಿಸಿ, ತುದಿಗೆ ಸ್ವಲ್ಪ ಭಾರ ಕಟ್ಟಿ, ಎಳೆದು ಬಿಡಬೇಕು. ತುದಿ ಅದುರುತ್ತದೆ. ಬೆನ್ನು ಸರಿಯಾಗಿ ಕೂತಿದ್ದರೆ ಒಂದೇ ಗೆರೆಯಲ್ಲಿ ಹೋಗಿ ಬರುತ್ತದೆ. ತಪ್ಪಿದ್ದರೆ ಮೊಟ್ಟೆಯಾಕಾರದಲ್ಲಿ ಸುತ್ತುತ್ತದೆ. ಆಗ ವೈಸು ಸಡಿಲಿಸಿ, ಕೋಲನ್ನು ಒಂಚೂರು ಹೊರಳಿಸಿ, ಮತ್ತೆ ಬಿಗಿದು ಎಳೆದು ನೋಡಬೇಕು. ಭಾರಕ್ಕೆ ಗಂಗೊಳ್ಳಿಯಿಂದ ಬಲೆಗೆ ಕಟ್ಟುವ ಸೀಸದ ಗುಂಡು ತರಿಸಿದಳು. ಆದರೆ ಅದುರುವ ತುದಿಯನ್ನು ಬರಿಗಣ್ಣಲ್ಲಿ ಓದುವುದು ಭಾವನ ವಿದ್ಯೆ. ಅಕ್ಕನಿಗೆ ಎಲ್ಲವೂ ಮಂಜು ಮಂಜಾಗಿ ಕಂಡಿತು, ನನಗಂತೂ ಕೋಲು ನಡುಗುವುದೊಂದೇ ಕಂಡಿತು. ದಿನಗಟ್ಟಲೆ ಹಾಗೆಯೇ ಹೆಣಗಿದಳು. ಒಳಗೆ ಮಂಚದ ಮೇಲೆ ಆ ಬೆನ್ನು ಅಲುಗಲಿಲ್ಲ.

ಆ ಕಾಲದಲ್ಲಿ ಬಸ್‌ಸ್ಟ್ಯಾಂಡುಗಳಲ್ಲಿ ಕೆಂಪು ಚುಕ್ಕಿ ಬೀಳುವ ಲೇಸರ್ ಲೈಟು ಮಾರಿಕೊಂಡು ಬರುತ್ತಿದ್ದರು. ಹೆಬ್ಬೆರಳಿನಷ್ಟು ಸಣ್ಣದು. ಬಟ್ಟೆಯ ಮೇಲೆ ನೇರ ಗೆರೆ ಬೀಳುತ್ತದೆ, ಚಾಕ್ ಪೀಸಿನ ಖರ್ಚು ಉಳಿಯಿತು ಎಂದುಕೊಂಡು ನಾನೂ ಒಂದು ತಂದಿದ್ದೆ. ಬಿದ್ದದ್ದು ಬರೀ ಚುಕ್ಕಿ. ಪೆದ್ದುತನ ಯಾರಿಗೂ ಗೊತ್ತಾಗದಿರಲೆಂದು ಗುಂಡಿ ಡಬ್ಬದೊಳಗೆ ಹಾಕಿಟ್ಟಿದ್ದೆ. ಒಂದು ಮಧ್ಯಾಹ್ನ ಗುಂಡಿ ಹುಡುಕುವಾಗ ಅದು ಕೈಗೆ ಬಂತು. ಸುಮ್ಮನೆ ಒತ್ತಿದೆ. ತೆರೆದ ಬಾಗಿಲಿನ ಮೂಲಕ ಹಾಯ್ದು ಹಾಲಿನ ಆಚೆ ಗೋಡೆಯ ಮೇಲೆ, ಭಾವನ ತಲೆಯಿಂದ ಸ್ವಲ್ಪ ಮೇಲೆ, ಚುಕ್ಕಿ ಕೂತಿತು. ಅಕ್ಕ ಕೋಲು ಹಿಡಿದುಕೊಂಡು ನಿಂತಿದ್ದಳು. ಚುಕ್ಕಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಚುಕ್ಕಿಯನ್ನು ನೋಡಿದಳು.

"ಹೆಣೆ, ಅದನ್ನ್ ಇಲ್ ಕೊಡ್," ಎಂದಳು.

ಬ್ಲೌಸಿನ ಎಲಾಸ್ಟಿಕ್ಕಿನ ತುಂಡಿನಿಂದ ಲೈಟನ್ನು ಕೋಲಿನ ತುದಿಗೆ ಬಿಗಿದೆವು. ಗುಂಡಿ ಒತ್ತಿಕೊಂಡೇ ಇರುವಂತೆ ದಾರ ಸುತ್ತಿದೆ. ಬೇಕಾದರೆ ಚುಕ್ಕಿಯನ್ನು ನನ್ನ ಅಂಗಡಿಯ ಗೋಡೆಯ ಮೇಲೇ ಬೀಳಿಸಬಹುದಿತ್ತು. ಅಕ್ಕ ವೈಸನ್ನೇ ಬಿಚ್ಚಿ, ಬಾಗಿಲಿಗೆ ನೇರ ಬರುವಂತೆ ಮೇಜಿಗೆ ಇನ್ನೆರಡು ತೂತು ಕೊರೆದು ಕೂರಿಸಿದಳು. ಹಾಲಿನ ಕಿಟಕಿ ಮುಚ್ಚಿ ಬಂದಳು. ತಿರುಗದ ಮನುಷ್ಯನ ಕಣ್ಣೆದುರಿಗೇ, ಅವರು ನೋಡುತ್ತಿದ್ದ ಗೋಡೆಯ ಮೇಲೆಯೇ, ಚುಕ್ಕಿ ಬಿತ್ತು.

ಕೋಲನ್ನು ಎಳೆದು ಬಿಟ್ಟಳು. ಕೆಂಪು ಚುಕ್ಕಿ ಗೋಡೆಯ ಮೇಲೆ ದೊಡ್ಡದೊಂದು ಮೊಟ್ಟೆ ಬರೆಯಿತು. ಎಷ್ಟು ದೊಡ್ಡದೆಂದರೆ ನನಗೂ ಕಂಡಿತು. ಒಳಗಿನಿಂದ ಏನೂ ಇಲ್ಲ. ಸಡಿಲಿಸಿ, ಹೊರಳಿಸಿ, ಮತ್ತೆ ಎಳೆದಳು. ಇನ್ನಷ್ಟು ದಪ್ಪ ಮೊಟ್ಟೆ. ಏನೂ ಇಲ್ಲ. ನನಗೆ ನೋಡಲಾಗಲಿಲ್ಲ, ಮಷಿನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುವ ನಾಟಕ ಮಾಡಿದೆ. ಅಕ್ಕ ಇನ್ನೂ ಅದೇ ದಿಕ್ಕಿಗೆ ಹೊರಳಿಸಿ ಎಳೆದಳು.

"ಹ್ವಾಯ್."

ಎಷ್ಟೋ ದಿನದಿಂದ ಬಾಯಿ ತೆರೆಯದ ಮನುಷ್ಯ. ಗಂಟಲಲ್ಲಿ ತುಕ್ಕು ಹಿಡಿದಿತ್ತು. ಆದರೆ ಅದು ನೀರಿಗಾಗಿ ಕರೆದ ಹ್ವಾಯ್ ಅಲ್ಲ. ಕೆಲಸ ಗೊತ್ತಿದ್ದವರು ಗೊತ್ತಿಲ್ಲದವರನ್ನು ಬೈಯುವ ಹ್ವಾಯ್. ಎಡಗೈ ಮೇಲೆದ್ದು, ಈ ಕಡೆ ಅಲ್ಲ, ಆ ಕಡೆ ಎಂದು ಗಾಳಿಯಲ್ಲಿ ತಿರುಗಿತು.

"ಇತ್ಲಾಗ್ ತಿರ್ಗ್ಸ್ಕಾ?" ಎಂದು ಅಕ್ಕ ಕೇಳಿದಳು. ಧ್ವನಿ ಮಾಮೂಲಿನಂತೆಯೇ ಇತ್ತು. ಹೊರಳಿಸಿದಳು. ಮೊಟ್ಟೆ ಸಪೂರವಾಯಿತು. ಮತ್ತೆ ಒಂಚೂರು. ಇನ್ನೂ ಸಪೂರ. ಮತ್ತೆ ಒಂಚೂರು... ಗೋಡೆಯ ಮೇಲೆ ಒಂದು ಕೆಂಪು ಗೆರೆ ಬಿತ್ತು. ಆಚೀಚೆ ಎಲ್ಲೂ ಹೋಗದೆ, ಹೋದ ದಾರಿಯಲ್ಲೇ ಬಂತು.

"ಹ್ವಾಯ್," ಎಂದರು ಭಾವ. ಈ ಸಲ ಚಿಕ್ಕದಾಗಿ, ಕತ್ತರಿಸಿದಂತೆ. ಆಮೇಲೆ ಮಂಚದ ಪಟ್ಟಿ ಹಿಡಿದು, ಉಸಿರು ಕಟ್ಟಿ, ಹೊರಳಿ ನಮ್ಮ ಕಡೆ ಮುಖ ಮಾಡಿದರು. ನಾನು ಅತ್ತುಬಿಟ್ಟೆ, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅಕ್ಕ ಅಳಲಿಲ್ಲ. ಮೇಣದ ಪೆನ್ಸಿಲಿನಲ್ಲಿ ಕೋಲಿಗೆ ಗೆರೆ ಎಳೆದು, ಸೆರಗಿನಲ್ಲಿ ಕೈ ಒರೆಸಿಕೊಂಡು, "ಚಾ ಕುಡಿತ್ರಿಯಾ?" ಎಂದು ಕೇಳಿದಳು.

ಆ ಸೆಟ್ಟು ಮುಗಿಯುವುದರೊಳಗೆ ಭಾವ ದಿಂಬಿಗೆ ಒರಗಿ ಕೂತು ಅನ್ನ ತಿನ್ನುತ್ತಿದ್ದರು. ತಲೆ ಅಂಟಿಸಿದ್ದು, ಹಿಡಿ ಹಾಕಿದ್ದು ಎಲ್ಲ ಅಕ್ಕನ ಕೈ. ರೈಲಿನಲ್ಲಿ ಬೊಂಬಾಯಿಗೆ ಹೋಗುವ ಪರಿಚಯದವರೊಬ್ಬರ ಕೈಯಲ್ಲಿ ಕಳಿಸಿದಳು. ಸೇಠ್ ನನ್ನ ಅಂಗಡಿಯ ಫೋನಿಗೆ ಕರೆ ಮಾಡಿದರು. ಯಾರು ಮಾಡಿದ್ದು ಎಂದು ಹಿಂದಿಯಲ್ಲಿ ಕೇಳಿದರಂತೆ. ಅಕ್ಕ ತನ್ನ ಬೊಂಬಾಯಿ ಹಿಂದಿಯಲ್ಲಿ, "ವೋ ದೇಖಾ, ಮೈ ಘುಮಾಯಾ," ಎಂದಳು. ಅವರು ನೋಡಿದರು, ನಾನು ತಿರುಗಿಸಿದೆ. ಇದಕ್ಕಿಂತ ಸರಿಯಾದ ಉತ್ತರ ಯಾರೂ ಕೊಡಲಾರರು. ಆ ಕಡೆ ಸೇಠ್ ಏನೆಂದರೋ, ಮುಂದಿನ ತಿಂಗಳು ಇನ್ನೊಂದು ಪೆಟ್ಟಿಗೆ ಬಂತು.

ಹೀಗೆ ನಮ್ಮ ಬಸ್ರೂರಿನಲ್ಲಿ, ಸುತ್ತ ಎಲ್ಲೂ ಒಬ್ಬನೂ ಗಾಲ್ಫ್ ಆಡದ ಊರಿನಲ್ಲಿ, ಗಾಲ್ಫ್ ಕೋಲು ತಯಾರಾಗತೊಡಗಿತು. ಹಾವು ಹೊಡೆಯುವುದಕ್ಕಾ ಎಂದು ಕೇಳಿದವರೂ ಇದ್ದರು. ಶಂಕರನಾರಾಯಣದಿಂದ ಬಟ್ಟೆ ಹೊಲಿಸಲು ಬರುತ್ತಿದ್ದ ಒಬ್ಬ ಅಜ್ಜಿಯಂತೂ ಒಂದನ್ನು ಊರಿ ನೋಡಿ, ತಲೆ ಕೆಳಗೆ ಮಾಡಿದ್ದೀರಲ್ಲ, ಹಿಡಿದುಕೊಳ್ಳುವುದು ಹೇಗೆ ಎಂದು ತಕರಾರು ತೆಗೆದಳು. ಒಮ್ಮೆ ಸೇಠ್‌ನ ಮೊಮ್ಮಗ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ ಬಂದಿದ್ದ. ಒಳ್ಳೆಯ ಹುಡುಗ. ಎಲ್ಲ ನೋಡಿ ಖುಷಿಪಟ್ಟು, ಈ ಬೆನ್ನು ಗಿನ್ನು ಎಲ್ಲ ನಂಬಿಕೆ ಅಷ್ಟೇ ಎನ್ನುವವರೂ ಇದ್ದಾರೆ, ಈಗಿನ ಕೋಲುಗಳಲ್ಲಿ ಅದು ಲೆಕ್ಕಕ್ಕೇ ಇಲ್ಲವಂತೆ ಎಂದ. ಅಕ್ಕ ಅವನ ಬಟ್ಟಲಿಗೆ ಇನ್ನೊಂದು ಗೋಳಿಬಜೆ ಹಾಕಿದಳು. ಅವನು ಹೋದ ಮೇಲೆ ನನಗೆ ಹೇಳಿದಳು. "ಕೋಲಿಗ್ ಬೆನ್ನ್ ಇತ್ತೋ ಇಲ್ಲೆಯೋ, ಇವ್ರ್ ಎದ್ದ್ ಕೂತ್ರಲೆ. ನಂಗ್ ಅಷ್ಟ್ ಸಾಕ್."

ದಿನಾ ಮಧ್ಯಾಹ್ನದ ಊಟದ ಮೇಲೆ ಕಿಟಕಿ ಮುಚ್ಚುವುದು, ಕೋಲು ಕಚ್ಚಿಸುವುದು, ಚುಕ್ಕಿ ಹಾರಿಸುವುದು. ನನ್ನ ಮಷಿನಿನ ಸದ್ದಿನ ನಡುವೆ ಅವರ ಹ್ವಾಯ್‌ಗಳು. ಎಳೆದು ಹೇಳಿದರೆ ತಪ್ಪು, ಚಿಕ್ಕದಾಗಿ ಹೇಳಿದರೆ ಸರಿ. ಅಕ್ಕ ಪ್ರತಿಸಲವೂ ಸರಿಯಾದ ಜಾಗ ದಾಟಿ ಮುಂದೆ ಹೊರಳಿಸಿಬಿಡುವಳು. ಭಾವ ಸಿಡುಕುವರು. "ಹೌದಾ? ನಂಗ್ ಗೊತ್ತೇ ಆಯ್ಲಿಲ್ಲೆ ಕಾಣಿ," ಎಂದು ಅವಳು ಹಿಂದಕ್ಕೆ ತರುವಳು. ಗೆರೆ ಬೀಳುವುದು. ಭಾವನ ಮುಖದಲ್ಲಿ ಇಡೀ ಮೈದಾನ ಗೆದ್ದವರ ಗತ್ತು. ಇಷ್ಟು ವರ್ಷವಾದರೂ ಇವಳಿಗೆ ಕೈ ಕೂರಲಿಲ್ಲವಲ್ಲ ಎಂದು ನಾನು ಒಳಗೊಳಗೆ ನಗುತ್ತಿದ್ದೆ. ನಾನು ಹೊಲಿದ ರವಿಕೆಯ ತೋಳಿನಲ್ಲಿ ಒಂದೆಳೆಯ ತಪ್ಪು ಹಿಡಿದವಳಲ್ಲವೇ.

ಒಂದು ಬೆಳಿಗ್ಗೆ ಯಾವುದೋ ಮದುವೆಯ ಅವಸರದ ಹೊಲಿಗೆಯಿತ್ತೆಂದು ಬೇಗ ಬಂದೆ. ಭಾವನಿಗೆ ಇನ್ನೂ ನಿದ್ದೆ. ಹೊಸದೊಂದು ಪೆಟ್ಟಿಗೆ ಬಂದಿತ್ತು. ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಕೋಲಿನ ತುದಿಯನ್ನು ಎದುರಿನ ಕಲ್ಲಿಗೆ ಊರಿ, ಬುಡವನ್ನು ಎಡ ಅಂಗೈಯಲ್ಲಿ ಹಿಡಿದು, ಬಲ ಅಂಗೈಯಿಂದ ನಡುವೆ ಒತ್ತಿ, ಮೆಲ್ಲನೆ ಉರುಳಿಸುತ್ತಿದ್ದಳು. ಉರುಳುತ್ತ ಉರುಳುತ್ತ ಕೋಲು ಒಂದು ಕಡೆ ತಾನಾಗಿಯೇ ಹೊರಳಿ ನಿಲ್ಲುವುದು. ಅಲ್ಲಿಗೆ ಉಗುರಿನಿಂದ ಒಂದು ಸಣ್ಣ ಗೀರು. ಮುಂದಿನ ಕೋಲು. ವೈಸು ಇಲ್ಲ, ಚುಕ್ಕಿ ಇಲ್ಲ, ಕಣ್ಣು ಕೂಡ ಎಲ್ಲೋ ತೆಂಗಿನ ಮರದ ಮೇಲಿತ್ತು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಪೆಟ್ಟಿಗೆಯಲ್ಲಿದ್ದ ಕೋಲುಗಳಷ್ಟನ್ನೂ ಮುಗಿಸಿದಳು.

ಅದೇ ಮಧ್ಯಾಹ್ನ ಅವೇ ಕೋಲುಗಳು ಒಂದೊಂದಾಗಿ ವೈಸಿಗೆ ಬಂದವು. ಉಗುರಿನ ಗೀರು ಇದ್ದ ಕಡೆ ಬಿಟ್ಟು ಬೇರೆ ಕಡೆ ತಿರುಗಿಸಿಯೇ ಕಚ್ಚಿಸಿದಳು. ಗೋಡೆಯ ಮೇಲೆ ಮೊಟ್ಟೆ. ಬೈಗುಳದ ಹ್ವಾಯ್. ಹೊರಳಿಸಿದಳು, ಗೀರು ದಾಟಿಸಿದಳು. ಮತ್ತೆ ಬೈಗುಳ. ಹಿಂದೆ ತಂದಳು. ಗೆರೆ. "ಹೌದಾ? ನಂಗ್ ಗೊತ್ತೇ ಆಯ್ಲಿಲ್ಲೆ ಕಾಣಿ."

ಸಂಜೆ ಅವಳೊಬ್ಬಳೇ ಸಿಕ್ಕಾಗ ಕೇಳಿಯೇಬಿಟ್ಟೆ. "ಅಕ್ಕಾ, ಇದೆಷ್ಟ್ ವರ್ಷದಿಂದ ನಡೀತಾ ಇತ್?"

ಅವಳು ಸೇಫ್ಟಿ ಪಿನ್ ಒಂದನ್ನು ಬಿಚ್ಚಿ ಮುಚ್ಚಿ ಮಾಡಿದಳು. "ಅವ್ರಿಗ್ ಇಪ್ಪುದ್ ಅದೊಂದೇ ಕೆಲ್ಸ, ಹೆಣೆ. ಅದನ್ನೂ ನಾನೇ ತಕಂಡ್ರೆ ಅವ್ರ್ ಎಂತ ಮಾಡುದ್?" ಎಂದಳು. ಪಿನ್ನನ್ನು ಕರಿಮಣಿಗೆ ಸಿಕ್ಕಿಸಿ, "ಬೈಸ್ಕಂಬುಕೂ ಬರ್ಕ್," ಎಂದು ನಕ್ಕಳು. ಬೈಸಿಕೊಳ್ಳುವುದಕ್ಕೂ ಬರಬೇಕಂತೆ.

ನಾನು ಬಹಳ ಜನ ಗಂಡಹೆಂಡಿರಿಗೆ ಬಟ್ಟೆ ಹೊಲಿದಿದ್ದೇನೆ. ಮದುವೆಯ ಸೀರೆಗೆ ಕುಚ್ಚು ಕಟ್ಟಿದ್ದೇನೆ, ಸಿಟ್ಟಿನಲ್ಲಿ ಹರಿದ ಅಂಗಿಗೆ ತೇಪೆ ಹಾಕಿದ್ದೇನೆ. ಗೊತ್ತಿದ್ದದ್ದನ್ನು ಗೊತ್ತಿಲ್ಲವೆಂದು ಅಷ್ಟು ವರ್ಷ, ಅಷ್ಟು ಚೆನ್ನಾಗಿ, ಒಂದು ದಿನವೂ ಎಡವದೆ ನಟಿಸಿದ ಇನ್ನೊಬ್ಬಳನ್ನು ಮಾತ್ರ ಕಾಣಲಿಲ್ಲ. ಹೊಲಿದ ಕೈಗೆ ಹೊಗಳಿಕೆ ಬರದಿದ್ದರೆ ನನಗೆ ರಾತ್ರಿ ಊಟ ಸೇರುವುದಿಲ್ಲ. ಅವಳು ಬೈಗುಳ ತಿಂದು ಹೊಟ್ಟೆ ತುಂಬಿಸಿಕೊಂಡಳು.

ಭಾವ ಹೋದದ್ದು ಒಂದು ಬೇಸಿಗೆಯಲ್ಲಿ, ನಿದ್ದೆಯಲ್ಲೇ. ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಎಷ್ಟೋ ವರ್ಷ ಬದುಕಿದ್ದರು. ಹದಿಮೂರರ ಊಟವೆಲ್ಲ ಮುಗಿದು, ನೆಂಟರು ಹೋಗಿ, ಮಂಚ ಬಿಚ್ಚಿ ಅಟ್ಟಕ್ಕೆ ಸೇರಿಸಿ ಆಯಿತು. ಪೆಟ್ಟಿಗೆಯಲ್ಲಿ ಕೊನೆಯ ಸೆಟ್ಟಿನ ಕೆಲವು ಕೋಲುಗಳು ಉಳಿದಿದ್ದವು. ಸೇಠ್‌ಗೆ ವಾಪಸು ಕಳಿಸಿದರಾಯಿತು ಎಂದು ಮಗಳು ಹೇಳಿದಳು. ಒಪ್ಪಿಕೊಂಡ ಕೆಲಸ, ಮುಗಿಸಿಯೇ ಕೊಡುತ್ತೇನೆ ಎಂದಳು ಅಕ್ಕ.

ಮರುದಿನ ಊಟದ ಮೇಲೆ ನಡುವಿನ ಬಾಗಿಲು ತೆರೆದು ಬಂದಳು. ಹಾಲಿನ ಕಿಟಕಿ ಮುಚ್ಚಿದ್ದಳು. ಕಟ್ಟುವ ಅಗತ್ಯವೇ ಇಲ್ಲದಿದ್ದರೂ ಲೈಟನ್ನು ಕೋಲಿನ ತುದಿಗೆ ಕಟ್ಟಿದಳು. ಎಳೆದು ಬಿಟ್ಟಳು. ಮಂಚವಿಲ್ಲದ ಆ ಗೋಡೆಯ ಮೇಲೆ ಚುಕ್ಕಿ ಮೊಟ್ಟೆ ಬರೆಯಿತು. ಹೊರಳಿಸಿದಳು. ಸಪೂರ. ಹೊರಳಿಸಿದಳು. ಗೆರೆ ಬಿತ್ತು, ಕೂದಲಿನಷ್ಟೂ ಆಚೀಚೆ ಇಲ್ಲದ ಗೆರೆ. ಸರಿಯಾಯಿತಲ್ಲ ಎಂದು ನಾನು ಹೊಲಿಗೆಗೆ ಬಗ್ಗಿದೆ. ಅವಳು ವೈಸು ಸಡಿಲಿಸಿ ಅದನ್ನು ದಾಟಿಸಿದಳು. ಮತ್ತೆ ಮೊಟ್ಟೆ. ಅಲ್ಲಿಗೆ ನಿಂತಳು.

ಕೈ ವೈಸಿನ ಹಿಡಿಯ ಮೇಲೆ. ಮುಖ ಬಾಗಿಲಿನ ಕಡೆ. ಕೋಲು ಅದುರಿ ಅದುರಿ ನಿಂತಿತು, ಚುಕ್ಕಿಯೂ ನಿಂತಿತು. ಅವಳು ಮತ್ತೊಮ್ಮೆ ಎಳೆದು ಬಿಟ್ಟಳು. ಮತ್ತದೇ ಮೊಟ್ಟೆ... ನಾನು ಮಷಿನ್ ನಿಲ್ಲಿಸಿದೆ. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅವಳು ತಿರುಗಿಸಲೂ ಇಲ್ಲ, ಬಿಡಲೂ ಇಲ್ಲ. ನನ್ನಿಂದ ತಡೆಯಲಾಗಲಿಲ್ಲ.

"ಹ್ವಾಯ್," ಎಂದೆ.

ಅಕ್ಕನ ಭುಜ ಒಮ್ಮೆ ಬೆಚ್ಚಿತು. ಆಮೇಲೆ ಕೈ ಮೆಲ್ಲನೆ ಹಿಂದಕ್ಕೆ ಹೊರಳಿತು. ಗೆರೆ ಬಿತ್ತು. ಅವಳು ನನ್ನ ಕಡೆ ನೋಡದೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು.

"ತಡ ಆಯ್ತ್, ಹೆಣೆ. ಅವ್ರ್ ಇಷ್ಟ್ ತಡ ಮಾಡ್ತಿರ್ಲಿಲ್ಲೆ," ಎಂದಳು.

ಆಗ ಅತ್ತಳು. ಅಷ್ಟು ವರ್ಷಗಳಲ್ಲಿ ನಾನು ಕಂಡಂತೆ ಅದೊಂದೇ ಸಲ. ಉಳಿದ ಕೋಲುಗಳನ್ನು ಇಬ್ಬರೂ ಸೇರಿ ಮುಗಿಸಿದೆವು. ಅವಳು ದಾಟಿಸುವಳು, ನಾನು ಕರೆಯುವೆನು. ಕೊನೆಕೊನೆಗೆ ನನಗೂ ಹೊತ್ತಿಗೆ ಸರಿಯಾಗಿ ಕರೆಯಲು ಬಂತು.

ಆ ಸೆಟ್ಟು ಕಳಿಸಿದ ಮೇಲೆ ಅವಳು ಮಗಳ ಮನೆಗೆ ಉಪ್ಪುಂದಕ್ಕೆ ಹೋದಳು. ಆಗಾಗ ಫೋನು ಮಾಡಿ ಯಾರ ರವಿಕೆ ಹಾಳು ಮಾಡಿದೆ ಎಂದು ವಿಚಾರಿಸುತ್ತಿದ್ದಳು. ಅವಳು ತೀರಿಹೋದ ಸುದ್ದಿಯೂ ಫೋನಿನಲ್ಲೇ ಬಂತು. ಮನೆ ಈಗ ಬೇರೆಯವರದು. ನನ್ನ ಅಂಗಡಿ ಅಲ್ಲೇ ಇದೆ, ನಡುವಿನ ಬಾಗಿಲಿಗೆ ಸಿಮೆಂಟು ಹಾಕಿ ಮುಚ್ಚಿದ್ದಾರೆ. ನಮ್ಮೂರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾರಾದರೊಬ್ಬರು ಇನ್ನೊಬ್ಬರನ್ನು ಹ್ವಾಯ್ ಎಂದು ಕರೆಯುತ್ತಲೇ ಇರುತ್ತಾರೆ, ಮೀನಿನವರು, ಕಂಡಕ್ಟರು, ಎದುರಂಗಡಿಯವರು. ಪ್ರತಿಸಲವೂ ನನ್ನ ಕಾಲು ಮಷಿನಿನ ಮೇಲೆ ನಿಲ್ಲುತ್ತದೆ. ಯಾರೋ ಒಬ್ಬಳು ದಾಟಿಹೋದದ್ದನ್ನು ಹಿಂದಕ್ಕೆ ಹೊರಳಿಸುವುದಕ್ಕೆ ಬೇಕಾದಷ್ಟು ಹೊತ್ತು ಕಾಯುತ್ತೇನೆ. ಆಮೇಲೆ ಹೊಲಿಯುತ್ತೇನೆ.